ಕ್ರಾಕೂವ್, ಔಶ್ವಿಟ್ಜ್, ವಾರ್ಸಾ: ಪೋಲೆಂಡಿಗೆ ನೀವೇ ಹೋಗಿಬರುವುದು ಹೇಗೆ?

"ಪ್ಯಾಕೇಜ್ ಇಲ್ಲದೆ ಔಶ್ವಿಟ್ಜ್ ನೋಡಬಹುದಾ? ಎಷ್ಟು ದಿನ ಬೇಕು? ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಊಟಕ್ಕೆ ಏನು ಮಾಡೋದು?" ಈ ನಾಲ್ಕು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಲೇ ಇವೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಎಂಟು ದಿನ ಕೈಯಲ್ಲಿದೆ, ಮೊದಲ ಸಲ ಪೋಲೆಂಡಿಗೆ ಹೊರಟಿದ್ದೀರಿ ಅಂದುಕೊಂಡು ಓದಿ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಔಶ್ವಿಟ್ಜ್ ಅಂದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ನಾತ್ಸಿ ಜರ್ಮನ್ನರು ಜನರನ್ನು ಕೂಡಿಟ್ಟು ಕೊಂದ ಶಿಬಿರ, ಈಗ ಸ್ಮಾರಕ. ಅದಕ್ಕೆ ಒಂದು ಇಡೀ ದಿನ ಕೊಡಿ. ಆ ದಿನ ಯಾವುದು ಅಂತ ಮೊದಲು ಗೊತ್ತು ಮಾಡಿ, ಉಳಿದ ಪ್ರವಾಸವನ್ನು ಅದರ ಸುತ್ತ ಕಟ್ಟಿ. ಬೆಳಿಗ್ಗೆ ಔಶ್ವಿಟ್ಜ್, ಮಧ್ಯಾಹ್ನ ಉಪ್ಪಿನ ಗಣಿ ಅಂತ ಎರಡನ್ನೂ ಒಂದೇ ದಿನಕ್ಕೆ ಸೇರಿಸಿ ಮಾರುವ ಟೂರ್‌ಗಳು ಕ್ರಾಕೂವ್‌ನಲ್ಲಿ ಬೇಕಾದಷ್ಟಿವೆ. ಅವನ್ನು ತಗೊಳ್ಳಬೇಡಿ. ಸುಮಾರು 11 ಲಕ್ಷ ಜನರನ್ನು ಕೊಂದ ಜಾಗದಿಂದ ಓಡೋಡಿ ಬಂದು ಇನ್ನೊಂದು ಟಿಕೆಟ್ ಸಾಲಿನಲ್ಲಿ ನಿಲ್ಲುವುದು ಸರಿಯಲ್ಲ. ನಿಮ್ಮ ಮನಸ್ಸಿಗೂ ಅದು ಭಾರ.

ಮೊದಲು ನಾಲ್ಕು ಪದಗಳು

ಮ್ಯೂಸಿಯಂಗಳ ಫಲಕಗಳಲ್ಲಿ ಇವು ಪದೇ ಪದೇ ಬರುತ್ತವೆ. ಹೊಲೊಕಾಸ್ಟ್ ಅಂದರೆ ಹಿಟ್ಲರನ ನಾತ್ಸಿ ಜರ್ಮನಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದದ್ದು. ಗೆಟ್ಟೋ ಅಂದರೆ ಊರಿನ ಒಂದು ಭಾಗಕ್ಕೆ ಗೋಡೆ, ಬೇಲಿ ಹಾಕಿ ಯಹೂದಿಗಳನ್ನು ಕೂಡಿಹಾಕಿದ ಕೇರಿ. ಕಾನ್ಸಂಟ್ರೇಷನ್ ಕ್ಯಾಂಪ್ ಅಂದರೆ ವಿಚಾರಣೆ ಇಲ್ಲದೆ ಜನರನ್ನು ಕೂಡಿಟ್ಟು, ದುಡಿಸಿ, ಹಸಿವು ರೋಗಗಳಿಂದ ಸಾಯಲು ಬಿಟ್ಟ ಶಿಬಿರ. ಸಂಹಾರ ಶಿಬಿರವನ್ನು ಕಟ್ಟಿದ್ದೇ ಕೊಲ್ಲುವುದಕ್ಕೆ. ಔಶ್ವಿಟ್ಜ್‌ನಲ್ಲಿ ಈ ಎರಡು ಬಗೆಯ ಶಿಬಿರಗಳೂ ಇದ್ದವು.

ಒಂದು ಎಚ್ಚರಿಕೆ. ಅಲ್ಲಿನವರ ಮುಂದೆ ಇವನ್ನು "ಪೋಲಿಷ್ ಕ್ಯಾಂಪ್" ಅನ್ನಬೇಡಿ. ಕಟ್ಟಿದವರೂ ನಡೆಸಿದವರೂ ಜರ್ಮನ್ನರು. ಪೋಲೆಂಡ್ ಆಗ ಅವರ ವಶದಲ್ಲಿತ್ತು, ಸಾವಿರಾರು ಪೋಲರೂ ಅಲ್ಲೇ ಸತ್ತರು. ಯುನೆಸ್ಕೋ ಪಟ್ಟಿಯಲ್ಲೂ ಈ ಜಾಗದ ಹೆಸರಿನಲ್ಲಿ "ಜರ್ಮನ್ ನಾತ್ಸಿ" ಅಂತ ಸ್ಪಷ್ಟವಾಗಿಯೇ ಇದೆ.

ಹಂತ 1: ವೀಸಾ ಮತ್ತು ವಿಮಾನ

ಬೇಕಾದದ್ದು ಷೆಂಗೆನ್ ವೀಸಾ. ಯುರೋಪಿನ 29 ದೇಶಗಳಿಗೆ ಇದೊಂದೇ ಸಾಕು. 180 ದಿನಗಳಲ್ಲಿ 90 ದಿನ ಇರಬಹುದು. ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಯಾವ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೋ ಅದಕ್ಕೆ ಹಾಕಿಬಿಡೋಣ ಅಂತ ಕೆಲವರು ಹೇಳಿಕೊಡುತ್ತಾರೆ. ಆ ದಾರಿ ಹಿಡಿಯಬೇಡಿ, ಹೋಟೆಲ್ ಬುಕಿಂಗ್ ನೋಡಿದ ತಕ್ಷಣ ಗೊತ್ತಾಗುತ್ತದೆ.

ಪ್ರಯಾಣಕ್ಕೆ 6 ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ, ಆದರೆ ಅಲ್ಲಿಯವರೆಗೆ ಕಾಯುವುದು ಬೇಡವೇ ಬೇಡ. ದೊಡ್ಡವರಿಗೆ ಶುಲ್ಕ 90 ಯೂರೋ, ಸೇವಾ ಕೇಂದ್ರದ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋಗೆ ಇರಬೇಕು. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ನೀವು ಅಲ್ಲಿಂದ ಹೊರಡುವ ದಿನದಿಂದ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು.

ವಿಮಾನದಲ್ಲಿ ಕ್ರಾಕೂವ್‌ಗೆ ಇಳಿದು ವಾರ್ಸಾದಿಂದ ವಾಪಸ್ ಹತ್ತಿ. ಬುಕಿಂಗ್ ತಾಣಗಳಲ್ಲಿ "ಮಲ್ಟಿ ಸಿಟಿ" ಅಂತ ಹುಡುಕಿದರೆ ಸಿಗುತ್ತದೆ. ಬಂದ ದಾರಿಯಲ್ಲೇ ಹಿಂತಿರುಗುವ ಅರ್ಧ ದಿನ ಉಳಿಯುತ್ತದೆ. ಬೆಂಗಳೂರಿನಿಂದ ಹೊರಟು ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ವಿಮಾನ ಬದಲಿಸುವುದಾದರೆ ಇಮಿಗ್ರೇಷನ್ ಅಲ್ಲಿಯೇ ಆಗುತ್ತದೆ. ಹೋಟೆಲ್ ಬುಕಿಂಗ್, ವಿಮೆ, ವಾಪಸ್ ಟಿಕೆಟ್ ಕಾಗದಗಳು ಕೈಚೀಲದಲ್ಲೇ ಇರಲಿ.

ಹಂತ 2: ಔಶ್ವಿಟ್ಜ್ ಬುಕಿಂಗ್

ಇಲ್ಲಿಯೇ ಜಾಸ್ತಿ ಜನ ಎಡವುವುದು. ಸ್ಮಾರಕಕ್ಕೆ ಪ್ರವೇಶ ಉಚಿತ. ಆದರೆ ಸುಮ್ನೆ ಹೋಗಿ ಒಳಗೆ ಹೋಗೋದಕ್ಕೆ ಆಗಲ್ಲ. ಪ್ರತಿಯೊಬ್ಬರ ಹೆಸರಿನಲ್ಲೂ ಸಮಯ ನಮೂದಿಸಿದ ಪ್ರವೇಶ ಚೀಟಿ ಬೇಕು. ಅದನ್ನು ಸ್ಮಾರಕದ ಅಧಿಕೃತ ತಾಣದಲ್ಲಿ ಪಡೆಯಬೇಕು: ವಿಸಿಟ್ ಡಾಟ್ ಔಶ್ವಿಟ್ಜ್ ಡಾಟ್ ಆರ್ಗ್. ಇದೇ ತರಹದ ಹೆಸರಿಟ್ಟುಕೊಂಡು ನಾಲ್ಕೈದು ಪಟ್ಟು ದುಡ್ಡು ಕೇಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆಯೇ ಬರುತ್ತವೆ. ವಿಳಾಸವನ್ನು ಎರಡು ಸಲ ನೋಡಿ.

ಎರಡು ಬಗೆ ಇವೆ. ಒಂದು, ನೀವೇ ಓಡಾಡುವುದು. ಇದಕ್ಕೆ ದುಡ್ಡಿಲ್ಲ, ಆದರೆ ಸಿಗುವ ಹೊತ್ತು ಕಡಿಮೆ. ಇನ್ನೊಂದು, ಸ್ಮಾರಕದ ಎಜುಕೇಟರ್ ಜೊತೆ ಗುಂಪಿನಲ್ಲಿ ಹೋಗುವುದು. ಎಜುಕೇಟರ್ ಅಂದರೆ ಅಲ್ಲಿಯೇ ತರಬೇತಿ ಪಡೆದ ಮಾರ್ಗದರ್ಶಕರು. ಇದಕ್ಕೆ ಶುಲ್ಕವಿದೆ, ಸುಮಾರು ಮೂರೂವರೆ ಗಂಟೆ ಹಿಡಿಯುತ್ತದೆ. ಮೊದಲ ಸಲ ಹೋಗುವವರು ಇದನ್ನೇ ತಗೊಳ್ಳಿ, ಇಂಗ್ಲಿಷ್ ಗುಂಪು ಇರುತ್ತದೆ. ಇಲ್ಲದಿದ್ದರೆ ಔಶ್ವಿಟ್ಜ್‌ನ ಎರಡನೇ ಭಾಗವಾದ ಬಿರ್ಕೆನೌನಲ್ಲಿ ನೀವು ಕಾಣುವುದು ಬಯಲು, ಚಿಮಣಿಗಳ ಸಾಲು ಮತ್ತು ಇಟ್ಟಿಗೆಯ ರಾಶಿ ಮಾತ್ರ. ಯಾವುದು ಏನು ಅಂತ ಹೇಳುವವರು ಬೇಕು.

ಬೇಸಿಗೆಯಲ್ಲಿ ಸ್ಲಾಟ್‌ಗಳು ವಾರಗಟ್ಟಲೆ ಮೊದಲೇ ಮುಗಿಯುತ್ತವೆ. "ವೀಸಾ ಬರಲಿ, ಆಮೇಲೆ ನೋಡೋಣ" ಅಂತ ಕಾಯಬೇಡಿ. ಬುಕಿಂಗ್ ತೆರೆದ ಕೂಡಲೇ ಮಾಡಿ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಒಂದು ವಿಶೇಷ ಎಚ್ಚರಿಕೆ. ಚೀಟಿಯ ಹೆಸರನ್ನು ಬಾಗಿಲಲ್ಲಿ ಪಾಸ್‌ಪೋರ್ಟ್ ಜೊತೆ ತಾಳೆ ನೋಡಬಹುದು. ನಮ್ಮಲ್ಲಿ ಇನಿಷಿಯಲ್ ಬರೆಯುವ ಅಭ್ಯಾಸ, ಆದರೆ ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿದ ಊರ ಹೆಸರೋ ಅಪ್ಪನ ಹೆಸರೋ ಆಗಿರುತ್ತದೆ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅದರಲ್ಲಿದ್ದ ಹಾಗೆಯೇ ಟೈಪ್ ಮಾಡಿ. ವಿಮಾನದ ಟಿಕೆಟ್‌ಗೂ ಇದೇ ಮಾತು.

ಮಕ್ಕಳ ಬಗ್ಗೆ: 14 ವರ್ಷಕ್ಕಿಂತ ಚಿಕ್ಕವರಿಗೆ ಈ ಭೇಟಿ ಬೇಡ ಅಂತ ಸ್ಮಾರಕವೇ ಸಲಹೆ ಕೊಡುತ್ತದೆ. ನಿಷೇಧ ಇಲ್ಲ, ಆದರೆ ಆ ಮಾತನ್ನು ಪಾಲಿಸುವುದು ಒಳ್ಳೆಯದು. ಚಿಕ್ಕ ಮಕ್ಕಳಿದ್ದರೆ ಗಂಡ ಒಂದು ದಿನ, ಹೆಂಡತಿ ಇನ್ನೊಂದು ದಿನ ಹೋಗಿಬನ್ನಿ.

ಹಂತ 3: ದುಡ್ಡು, ಬ್ಯಾಗು, ಬಟ್ಟೆ

ಪೋಲೆಂಡಿನಲ್ಲಿ ಯೂರೋ ನಡೆಯುವುದಿಲ್ಲ. ಅಲ್ಲಿನ ಹಣ ಝ್ಲೋಟಿ. ಕಾರ್ಡ್ ಬಹುತೇಕ ಎಲ್ಲ ಕಡೆ ನಡೆಯುತ್ತದೆ, ಸ್ವಲ್ಪ ನಗದು ಸಾಕು. ಎಟಿಎಂ ಅಥವಾ ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕಡಿತ ಮಾಡಲಾ?" ಅಂತ ಕೇಳಿದರೆ ಬೇಡ ಅನ್ನಿ, ಝ್ಲೋಟಿಯನ್ನೇ ಒತ್ತಿ. ರೂಪಾಯಿ ಆರಿಸಿದರೆ ಆ ಯಂತ್ರದವರು ತಮಗೆ ಬೇಕಾದ ದರ ಹಾಕುತ್ತಾರೆ. ಹಣ ಬದಲಿಸುವ ಅಂಗಡಿಗೆ ಅಲ್ಲಿ "ಕಾಂಟೋರ್" ಅನ್ನುತ್ತಾರೆ. ಕಮಿಷನ್ ಸೊನ್ನೆ ಅನ್ನುವ ಬೋರ್ಡ್ ನಂಬಬೇಡಿ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಎಷ್ಟು ಅಂತರ ಇದೆ ನೋಡಿ. ಅಂತರ ದೊಡ್ಡದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಔಶ್ವಿಟ್ಜ್ ಒಳಗೆ ಕೊಂಡೊಯ್ಯುವ ಚೀಲ 35×25×15 ಸೆಂ.ಮೀ. ಮೀರಬಾರದು. ಬೆನ್ನಿಗೆ ಹಾಕುವ ದೊಡ್ಡ ಬ್ಯಾಗ್ ಬಿಡುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಹೊಸ ಸೂಟ್‌ಕೇಸಿಗೆ ಪೂಜೆ ಮಾಡಿ ಕುಂಕುಮದಲ್ಲಿ ಸ್ವಸ್ತಿಕ ಬರೆಯುವುದು, ಸ್ವಸ್ತಿಕದ ಪದಕ ಹಾಕಿಕೊಳ್ಳುವುದು ನಮಗೆ ಸಹಜ. ಪೋಲೆಂಡಿನಲ್ಲಿ ಆ ಗುರುತು ಕಂಡರೆ ಜನರಿಗೆ ನೆನಪಾಗುವುದೇ ಬೇರೆ, ಮತ್ತು ನಾತ್ಸಿ ಪ್ರಚಾರದ ವಿರುದ್ಧ ಅಲ್ಲಿ ಕಾನೂನೂ ಇದೆ. ನಮ್ಮ ಅರ್ಥ ವಿವರಿಸುತ್ತಾ ನಿಲ್ಲುವ ಜಾಗ ಅದಲ್ಲ. ಹೊರಡುವ ಮೊದಲು ಸೂಟ್‌ಕೇಸ್ ಒರೆಸಿ, ಪದಕ, ಶಾಲು, ಕೀಚೈನ್ ಮನೆಯಲ್ಲೇ ಬಿಡಿ.

ಹೋಗಲು ಒಳ್ಳೆಯ ಕಾಲ ಮೇ ಮತ್ತು ಸೆಪ್ಟೆಂಬರ್. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೆ ಕತ್ತಲಾಗುತ್ತದೆ. ಬಿರ್ಕೆನೌ ಬಟಾಬಯಲು, ನೆರಳಿಲ್ಲ, ಗಾಳಿ ತಡೆಯಲು ಏನೂ ಇಲ್ಲ. ಬೇಸಿಗೆಯಲ್ಲಿ ಟೋಪಿ, ನೀರು. ಉಳಿದ ಕಾಲದಲ್ಲಿ ಗಾಳಿ ತಡೆಯುವ ಜಾಕೆಟ್. ಯಾವ ಕಾಲವಾದರೂ ಒಳ್ಳೆಯ ಬೂಟು.

ಹಂತ 4: ಕ್ರಾಕೂವ್, ಮೊದಲ ಮೂರು ದಿನ

ಇಳಿದ ದಿನ ಏನೂ ಇಟ್ಟುಕೊಳ್ಳಬೇಡಿ. ವಿಮಾನ ನಿಲ್ದಾಣದಿಂದ ಊರ ಮಧ್ಯದ ಕ್ರಾಕೂವ್ ಗ್ವೂವ್ನಿ ನಿಲ್ದಾಣಕ್ಕೆ ರೈಲಿದೆ, ಇಪ್ಪತ್ತು ನಿಮಿಷದ ಹಾದಿ.

ಎರಡನೇ ದಿನ ಹಳೇ ಪಟ್ಟಣ. ಯುದ್ಧದಲ್ಲಿ ಈ ಊರು ಹೆಚ್ಚು ಹಾಳಾಗಲಿಲ್ಲ. 1257ರಲ್ಲಿ ಹಾಕಿದ ನಕ್ಷೆಯ ಚೌಕ ಇವತ್ತಿಗೂ ಹಾಗೆಯೇ ಇದೆ, ಒಂದೊಂದು ಬದಿಯೂ ಸುಮಾರು 200 ಮೀಟರ್. ಸೇಂಟ್ ಮೇರಿ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಕಹಳೆ ಊದುತ್ತಾರೆ. ರಾಗ ನಡುವೆಯೇ ಥಟ್ಟನೆ ನಿಲ್ಲುತ್ತದೆ. ಶತ್ರು ಬಂದ ಸುದ್ದಿ ಸಾರುತ್ತಿದ್ದ ಕಾವಲುಗಾರನ ಗಂಟಲಿಗೆ ಬಾಣ ತಗುಲಿತು ಅನ್ನುವ ಐತಿಹ್ಯ ಅದರ ಹಿಂದಿದೆ. ವಾವೆಲ್ ಕೋಟೆಯ ಟಿಕೆಟ್ ಒಂದೊಂದು ಭಾಗಕ್ಕೂ ಬೇರೆ ಬೇರೆ. ಎಲ್ಲ ಭಾಗ ನೋಡಲೇಬೇಕು ಅಂತಿಲ್ಲ.

ಮೂರನೇ ದಿನ ಕಾಜಿಮಿಯೆಜ್ ಮತ್ತು ಪೊದ್ಗುಜೆ. ಔಶ್ವಿಟ್ಜ್‌ಗೆ ಹೋಗುವ ಮೊದಲೇ ಇದನ್ನು ನೋಡಿ. ಕಾಜಿಮಿಯೆಜ್ ಯಹೂದಿಗಳು ಶತಮಾನಗಳ ಕಾಲ ಬಾಳಿದ ಬಡಾವಣೆ. ಅವರ ಪ್ರಾರ್ಥನಾ ಮಂದಿರಗಳಿಗೆ ಸಿನಗಾಗ್ ಅನ್ನುತ್ತಾರೆ. ರೆಮೂ ಸಿನಗಾಗ್ ಮತ್ತು ಅದರ ಹಳೆಯ ಸ್ಮಶಾನ ಶನಿವಾರ ಮುಚ್ಚಿರುತ್ತದೆ, ಹಾಗಾಗಿ ಈ ದಿನ ಶನಿವಾರ ಬರದಂತೆ ನೋಡಿಕೊಳ್ಳಿ. ಗಂಡಸರು ತಲೆ ಮುಚ್ಚಿಕೊಳ್ಳಬೇಕು.

ಅಲ್ಲಿಂದ ಪಾದಚಾರಿ ಸೇತುವೆ ದಾಟಿ ವಿಸ್ಟುಲಾ ನದಿಯ ಆಚೆ ದಡಕ್ಕೆ ನಡೆಯಿರಿ. ಅದೇ ಪೊದ್ಗುಜೆ. 1941ರ ಮಾರ್ಚ್‌ನಲ್ಲಿ ಯಹೂದಿಗಳನ್ನು ಮನೆಗಳಿಂದ ಎಬ್ಬಿಸಿ ಇಲ್ಲಿನ ಗೆಟ್ಟೋಗೆ ತುಂಬಿದರು. 1943ರ ಮಾರ್ಚ್ 13 ಮತ್ತು 14ರಂದು ಗೆಟ್ಟೋವನ್ನೇ ಖಾಲಿ ಮಾಡಿದರು. ಕೆಲವರನ್ನು ಅಲ್ಲೇ ಬೀದಿಯಲ್ಲಿ ಕೊಂದರು, ಕೆಲವರನ್ನು ಪ್ವಾಶುವ್ ಶಿಬಿರಕ್ಕೆ, ಕೆಲವರನ್ನು ಔಶ್ವಿಟ್ಜ್‌ಗೆ ಕಳಿಸಿದರು. ಜನರನ್ನು ಸೇರಿಸಿ ಸಾಗಿಸುತ್ತಿದ್ದ ಚೌಕದಲ್ಲಿ ಈಗ ಸಾಲು ಸಾಲು ಖಾಲಿ ಕುರ್ಚಿಗಳು, ಲೋಹದವು. ಅದರ ಮೂಲೆಯಲ್ಲಿ "ಹದ್ದಿನ ಗುರುತಿನ ಔಷಧಿ ಅಂಗಡಿ" ಇದೆ. ತಾದೇವುಶ್ ಪಾಂಕೇವಿಚ್ ಯಹೂದಿ ಅಲ್ಲದಿದ್ದರೂ ಗೆಟ್ಟೋ ಒಳಗೇ ಅಂಗಡಿ ತೆರೆದಿಟ್ಟು ಔಷಧಿ ಕೊಟ್ಟರು, ಜನರನ್ನು ಬಚ್ಚಿಟ್ಟರು. ಈಗ ಅದು ಪುಟ್ಟ ಮ್ಯೂಸಿಯಂ. ನಾನು ಹೇಳುವುದಾದರೆ ಈ ಊರಿನಲ್ಲಿ ತಪ್ಪಿಸಲೇಬಾರದ ಜಾಗ ಅದು. ಗಲ್ಲಾ, ಸೀಸೆ, ಡ್ರಾಯರ್ ಎಲ್ಲ ಕೈಗೆಟಕುವಷ್ಟು ಹತ್ತಿರ. ಡ್ರಾಯರ್ ಎಳೆದರೆ ಒಳಗೆ ಒಬ್ಬೊಬ್ಬರ ಕಥೆ ಸಿಗುತ್ತದೆ. ಲ್ವೋವ್‌ಸ್ಕಾ ಬೀದಿಯಲ್ಲಿ ಗೆಟ್ಟೋ ಗೋಡೆಯ ತುಂಡೊಂದು ಉಳಿದಿದೆ. ಅದರ ಮೇಲ್ತುದಿ ಯಹೂದಿಗಳ ಸಮಾಧಿ ಕಲ್ಲಿನ ಆಕಾರದಲ್ಲೇ ಇದೆ.

ಷಿಂಡ್ಲರ್ ಕಾರ್ಖಾನೆ ಮ್ಯೂಸಿಯಂ ಹತ್ತಿರದಲ್ಲೇ, ಲಿಪೋವಾ ಬೀದಿಯ 4ನೇ ನಂಬರ್. ಷಿಂಡ್ಲರ್ ಅಂದರೆ ತನ್ನ ಕಾರ್ಖಾನೆಯಲ್ಲಿ ಕೆಲಸ ಕೊಟ್ಟು ಸಾವಿರಕ್ಕೂ ಹೆಚ್ಚು ಯಹೂದಿಗಳ ಜೀವ ಉಳಿಸಿದ ಜರ್ಮನ್ ಉದ್ಯಮಿ. ಅಲ್ಲಿ ಕಾರ್ಖಾನೆಯ ಕಥೆಗಿಂತ ಜರ್ಮನ್ನರ ವಶದಲ್ಲಿದ್ದ ಕ್ರಾಕೂವ್‌ನ ಕಥೆಯೇ ಜಾಸ್ತಿ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಸೋಮವಾರ ಉಚಿತ, ಆದರೆ ಟಿಕೆಟ್ ಕಡಿಮೆ, ಸಮಯವೂ ಕಡಿಮೆ.

ಹಂತ 5: ಔಶ್ವಿಟ್ಜ್ ದಿನ

ಶಿಬಿರ ಇರುವ ಊರು ಒಶ್ವೆಂಚಿಮ್. ನಕ್ಷೆಯಲ್ಲೂ ಬಸ್ ಬೋರ್ಡಿನಲ್ಲೂ ಈ ಹೆಸರೇ ಇರುತ್ತದೆ. ಕ್ರಾಕೂವ್‌ನಿಂದ 70 ಕಿ.ಮೀ. ಹತ್ತಿರ. ರೈಲೂ ಇದೆ, ಬಸ್ಸೂ ಇದೆ. ಬಸ್ ಒಳ್ಳೆಯದು, ಏಕೆಂದರೆ ಹಲವು ಬಸ್ಸುಗಳು ಮ್ಯೂಸಿಯಂ ಹತ್ತಿರವೇ ನಿಲ್ಲುತ್ತವೆ. ರೈಲು ನಿಲ್ದಾಣದಿಂದ ನಡೆಯಬೇಕು. ಬಸ್ಸಿಗೆ ಸುಮಾರು ಒಂದೂವರೆ ಗಂಟೆ. ನಿಮ್ಮ ಸ್ಲಾಟಿಗೆ ಒಂದು ಗಂಟೆ ಮೊದಲು ತಲುಪುವ ಬಸ್ ಹಿಡಿಯಿರಿ. ಭದ್ರತಾ ತಪಾಸಣೆಗೆ ಅರ್ಧ ಗಂಟೆ ಮೊದಲೇ ಅಲ್ಲಿರಬೇಕು, ತಡವಾದರೆ ಗುಂಪು ಹೊರಟುಬಿಡುತ್ತದೆ.

ಜಾಗಗಳು ಎರಡು, ನಡುವೆ ಸುಮಾರು 3 ಕಿ.ಮೀ. ಒಂದರಿಂದ ಇನ್ನೊಂದಕ್ಕೆ ಉಚಿತ ಬಸ್ ಇದೆ.

ಔಶ್ವಿಟ್ಜ್ 1: ಇಟ್ಟಿಗೆಯ ಕಟ್ಟಡಗಳು, 1940ರಲ್ಲಿ ಶುರುವಾದ ಮೊದಲ ಶಿಬಿರ. ಒಂದೊಂದು ಕಟ್ಟಡಕ್ಕೂ ಬ್ಲಾಕ್ ಅನ್ನುತ್ತಾರೆ. 5ನೇ ಬ್ಲಾಕಿನಲ್ಲಿ ಗಾಜಿನ ಹಿಂದೆ ಶೂಗಳು, ಕನ್ನಡಕಗಳು, ಸೂಟ್‌ಕೇಸ್‌ಗಳು. ಸೂಟ್‌ಕೇಸ್‌ಗಳ ಮುಂದೆ ನಿಧಾನಿಸಿ. ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಹೆಸರು, ಊರು, ಕೆಲವದರ ಮೇಲೆ ಹುಟ್ಟಿದ ದಿನ. ಬೇರೆ ಕಡೆ ನೆಲೆಗೊಳಿಸುತ್ತೇವೆ ಅಂತ ಹೇಳಿ ರೈಲು ಹತ್ತಿಸಿದ್ದರು. ಸಾಮಾನು ಕಳೆದುಹೋಗಬಾರದು, ತಿರುಗಿ ಸಿಗಬೇಕು ಅಂತ ಅವರು ಹೆಸರು ಬರೆದರು.

4ನೇ ಬ್ಲಾಕಿನಲ್ಲಿ ಕೊಂದವರ ತಲೆಗೂದಲು ಇಟ್ಟಿರುವ ಕೋಣೆಯಲ್ಲಿ ಮತ್ತು 11ನೇ ಬ್ಲಾಕಿನ ನೆಲಮಾಳಿಗೆಯಲ್ಲಿ ಫೋಟೋ ತೆಗೆಯುವಂತಿಲ್ಲ. ಬೇರೆ ಕಡೆ ಫ್ಲ್ಯಾಶ್ ಇಲ್ಲದೆ ತೆಗೆಯಬಹುದು. ಆದರೂ ಬಾಗಿಲಿನ ಕೆಳಗೆ, ಹಳಿಯ ಮೇಲೆ ಪೋಸ್ ಕೊಟ್ಟು ಸೆಲ್ಫಿ ತೆಗೆಯಬೇಡಿ. ನಿಮ್ಮ ಪಕ್ಕದಲ್ಲಿ ನಿಂತವರ ಅಜ್ಜಿ ಅಲ್ಲಿಯೇ ಸತ್ತಿರಬಹುದು, ಅಲ್ವಾ?

ಬಿರ್ಕೆನೌ: ಇದು ದೊಡ್ಡ ಶಿಬಿರ. ರೈಲು ಹಳಿ ಬಾಗಿಲಿನ ಮೂಲಕ ಒಳಗೆ ಹೋಗುತ್ತದೆ. ಹಳಿಯ ಪಕ್ಕದ ಉದ್ದನೆಯ ಜಾಗಕ್ಕೆ "ರ‍್ಯಾಂಪ್" ಅನ್ನುತ್ತಾರೆ. ಇಳಿದವರನ್ನು ಅಲ್ಲಿಯೇ ಎರಡು ಸಾಲು ಮಾಡುತ್ತಿದ್ದರು, ದುಡಿಯಬಲ್ಲವರು ಒಂದು ಕಡೆ, ಉಳಿದವರು ನೇರ ಗ್ಯಾಸ್ ಚೇಂಬರ್ ಕಡೆ. ಕೊನೆಯಲ್ಲಿ ಕಾಣುವ ಕುಸಿದ ಕಾಂಕ್ರೀಟು ಆ ಗ್ಯಾಸ್ ಚೇಂಬರ್‌ಗಳದ್ದೇ. ಸೋಲು ಖಚಿತವಾದಾಗ ಗುರುತು ಅಳಿಸಲು ಜರ್ಮನ್ನರೇ ಅವನ್ನು ಸ್ಫೋಟಿಸಿದರು. 1945ರ ಜನವರಿ 27ರಂದು ಸೋವಿಯತ್ ಸೈನ್ಯ ಇಲ್ಲಿಗೆ ತಲುಪಿತು.

ಕೆಲವರು ಸುಸ್ತಾಗಿ ಮೊದಲ ಶಿಬಿರದಿಂದಲೇ ವಾಪಸ್ ಬರುತ್ತಾರೆ. ಹಾಗೆ ಮಾಡಬೇಡಿ. ಕೊಂದ ಪ್ರಮಾಣ ಎಷ್ಟು ಅಂತ ಅರಿವಾಗುವುದು ಬಿರ್ಕೆನೌನಲ್ಲಿ. ಗುಂಪಿನ ಸುತ್ತು ಮುಗಿದ ಮೇಲೂ ಅಲ್ಲಿ ಉಳಿಯಬಹುದು, ಒಂದು ಗಂಟೆ ನೀವೇ ನಡೆಯಿರಿ.

ಹೊಟ್ಟೆಗೆ ಬೆಳಿಗ್ಗೆಯೇ ಚೆನ್ನಾಗಿ ಹಾಕಿಕೊಳ್ಳಿ, ಶಿಬಿರದೊಳಗೆ ತಿನ್ನುವಂತಿಲ್ಲ. ವಾಪಸ್ ಬಸ್ಸಿನ ಕೊನೆಯ ಸಮಯ ಬರುವಾಗಲೇ ಫೋಟೋ ತೆಗೆದಿಟ್ಟುಕೊಳ್ಳಿ. ಸಂಜೆಗೆ ಏನನ್ನೂ ಬುಕ್ ಮಾಡಬೇಡಿ.

ಮರುದಿನ ಐದನೇ ದಿನ. ಬೇಕಿದ್ದರೆ ವಿಯೆಲಿಚ್ಕಾ ಉಪ್ಪಿನ ಗಣಿಗೆ ಹೋಗಬಹುದು. ಒಟ್ಟು 800ರಷ್ಟು ಮೆಟ್ಟಿಲು, ಮಂಡಿ ನೋವಿದ್ದವರು ಯೋಚಿಸಿ. ಸುಮ್ನೆ ನದಿ ದಂಡೆಯಲ್ಲಿ ಕೂತರೂ ಆದೀತು.

ಹಂತ 6: ರೈಲಿನಲ್ಲಿ ವಾರ್ಸಾಗೆ

ವೇಗದ ರೈಲಿಗೆ ಸುಮಾರು ಎರಡೂವರೆ ಗಂಟೆ. ಪಿಕೆಪಿ ಇಂಟರ್‌ಸಿಟಿ ಅನ್ನುವ ಪೋಲೆಂಡಿನ ರೈಲು ಸಂಸ್ಥೆಯ ತಾಣದಲ್ಲಿ ಮೊದಲೇ ತಗೊಂಡರೆ ಅಗ್ಗ. ಟಿಕೆಟ್ ಇಲ್ಲದೆ ವೇಗದ ರೈಲು ಹತ್ತಬೇಡಿ, ದಂಡ ಜೋರು.

ನಿಲ್ದಾಣದಲ್ಲಿ ಗೊಂದಲವಾಗುವುದು ಎರಡು ಕಡೆ. ಹಳದಿ ಹಾಳೆಯ ವೇಳಾಪಟ್ಟಿ ಹೊರಡುವ ರೈಲುಗಳದ್ದು, ಬಿಳಿ ಹಾಳೆ ಬರುವ ರೈಲುಗಳದ್ದು. ಹಾಗೆಯೇ "ಪೆರೋನ್" ಅಂದರೆ ಪ್ಲಾಟ್‌ಫಾರಂ, "ತೋರ್" ಅಂದರೆ ಹಳಿ. ಒಂದು ಪ್ಲಾಟ್‌ಫಾರಂಗೆ ಎರಡೂ ಬದಿ ಹಳಿ ಇರುತ್ತದೆ, ನಂಬರ್ ಬೇರೆ. ತೋರ್ ನಂಬರನ್ನೇ ಪ್ಲಾಟ್‌ಫಾರಂ ಅಂದುಕೊಂಡು ಓಡಿದರೆ ರೈಲು ತಪ್ಪುತ್ತದೆ. ಇಳಿಯಬೇಕಾದ್ದು ವಾರ್ಸಾವಾ ತ್ಸೆಂತ್ರಾಲ್ನಾ. ಅದಕ್ಕೆ ಮೊದಲು ಬರುವ ಜಖೋದ್ನಿಯಾದಲ್ಲಿ ಇಳಿಯಬೇಡಿ. ಟ್ರಾಮ್, ಬಸ್‌ಗಳಲ್ಲಿ ಕಾಗದದ ಟಿಕೆಟನ್ನು ಹತ್ತಿದ ತಕ್ಷಣ ಯಂತ್ರದಲ್ಲಿ ಮುದ್ರೆ ಹಾಕಿಸಿ. ಮುದ್ರೆ ಇಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ.

ಹಂತ 7: ವಾರ್ಸಾ, ಎರಡು ದಿನ

ಹಳೇ ಪಟ್ಟಣದ ಮನೆಗಳು ಮುನ್ನೂರು ವರ್ಷ ಹಳೆಯವು ಅನ್ನಿಸುತ್ತವೆ. ಆದರೆ ಬಹುಪಾಲು ಯುದ್ಧದ ನಂತರ ಕಟ್ಟಿದವು. 1944ರ ಆಗಸ್ಟ್ 1ರಂದು ಪೋಲರ ಗುಪ್ತ ಸೇನೆ ದಂಗೆ ಎದ್ದಿತು, 63 ದಿನ ಹೋರಾಡಿತು. ಸೋತ ಮೇಲೆ ಹಿಟ್ಲರನ ಅಪ್ಪಣೆಯಂತೆ ಊರನ್ನು ಬೀದಿ ಬೀದಿಯಾಗಿ ಸುಟ್ಟು ಉರುಳಿಸಿದರು. ಜನ ವಾಪಸ್ ಬಂದು ಮತ್ತೆ ಕಟ್ಟಿದರು. 18ನೇ ಶತಮಾನದಲ್ಲಿ ಬೆರ್ನಾರ್ದೊ ಬೆಲ್ಲೊತ್ತೊ ಬರೆದ ಊರಿನ ಚಿತ್ರಗಳನ್ನೂ ನೋಡಿಕೊಂಡು ಕಟ್ಟಿದರು. ಆ ಚಿತ್ರಗಳು ಅರಮನೆಯಲ್ಲಿವೆ. ಮೊದಲು ಅವನ್ನು ನೋಡಿ, ಆಮೇಲೆ ಹೊರಗೆ ಬಂದು ಬೀದಿ ನೋಡಿ.

ದಂಗೆಯ ಮ್ಯೂಸಿಯಂ ಮತ್ತು ಪೋಲಿನ್ ಮ್ಯೂಸಿಯಂ, ಎರಡೂ ಮಂಗಳವಾರ ಮುಚ್ಚಿರುತ್ತವೆ. ಪೋಲಿನ್ ಪೋಲೆಂಡಿನ ಯಹೂದಿಗಳ ಸಾವಿರ ವರ್ಷದ ಬದುಕನ್ನು ಹೇಳುತ್ತದೆ. ಒಂದನ್ನೇ ಆರಿಸಬೇಕಾದರೆ ಇದನ್ನು ಆರಿಸಿ. ಶಿಬಿರ ನೋಡಿದ ಮೇಲೆ ಆ ಜನ ಹೇಗೆ ಸತ್ತರು ಅನ್ನುವುದಷ್ಟೇ ತಲೆಯಲ್ಲಿರುತ್ತದೆ. ಅವರು ಹೇಗೆ ಬದುಕಿದ್ದರು ಅಂತಲೂ ಗೊತ್ತಾಗಬೇಕು. ಅದರ ಎದುರಿಗೇ ಗೆಟ್ಟೋ ವೀರರ ಸ್ಮಾರಕ, 1943ರಲ್ಲಿ ಜರ್ಮನ್ನರ ವಿರುದ್ಧ ತಿರುಗಿಬಿದ್ದ ವಾರ್ಸಾ ಗೆಟ್ಟೋದ ಯಹೂದಿಗಳ ನೆನಪಿಗೆ. 1970ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸೆಲರ್ ವಿಲ್ಲಿ ಬ್ರಾಂಟ್ ಮಂಡಿಯೂರಿದ್ದು ಇಲ್ಲಿಯೇ. ಸುತ್ತಮುತ್ತ ನಡೆಯುವಾಗ ನೆಲ ನೋಡಿ. ಗೆಟ್ಟೋ ಗೋಡೆ ಹಾದುಹೋಗಿದ್ದ ಕಡೆ ಫುಟ್‌ಪಾತಿನಲ್ಲಿ ಲೋಹದ ಪಟ್ಟಿ ಇದೆ.

ನಮಗೆ ಹತ್ತಿರದ ಎರಡು ಜಾಗಗಳೂ ಇಲ್ಲಿವೆ. ಒಂದು, "ಒಳ್ಳೆಯ ಮಹಾರಾಜ"ನ ಹೆಸರಿನ ಉದ್ಯಾನ. ನವಾನಗರದ (ಈಗಿನ ಗುಜರಾತಿನ ಜಾಮ್‌ನಗರ) ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ 1942ರಲ್ಲಿ ಸೋವಿಯತ್ ಒಕ್ಕೂಟದಿಂದ ಪಾರಾಗಿ ಬಂದ ನೂರಾರು ಪೋಲಿಷ್ ಮಕ್ಕಳಿಗೆ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟರು. ಇನ್ನೊಂದು ಕೊಲ್ಹಾಪುರ ಸ್ಮಾರಕ, ಮಾಂಟೆ ಕಸಿನೊ ಯುದ್ಧದ ಸ್ಮಾರಕದ ಹತ್ತಿರ. ನಮ್ಮ ನಿಪ್ಪಾಣಿಯಿಂದ ಸ್ವಲ್ಪವೇ ದೂರದ, ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರು ಇದ್ದರು. ಬೆಳಗಾವಿ ಕಡೆಯವರು ಇದನ್ನು ಬಿಡಬೇಡಿ.

ಊಟದ ವಿಷಯ

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. "ಪಿಯೆರೋಗಿ ರುಸ್ಕಿಯೆ" ಅಂದರೆ ಆಲೂಗಡ್ಡೆ ಮತ್ತು ಪನೀರಿನಂಥ ಚೀಸ್ ತುಂಬಿದ ಕಡುಬು. ಒಳಗೆ ಮಾಂಸ ಇಲ್ಲ, ಆದರೆ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸುವುದುಂಟು. "ಬೆಜ್ ಸ್ಕ್ವಾರೆಕ್" ಅನ್ನಿ, ಆ ಚೂರು ಹಾಕುವುದಿಲ್ಲ. ಸೂಪುಗಳನ್ನು ಕೇಳದೆ ತಗೊಳ್ಳಬೇಡಿ, ತರಕಾರಿ ಸೂಪಿಗೂ ಮಾಂಸದ ರಸ ಹಾಕುತ್ತಾರೆ. "ಬಾರ್ ಮ್ಲೆಚ್ನಿ" ಅನ್ನುವ ಅಗ್ಗದ ಕ್ಯಾಂಟೀನುಗಳಲ್ಲಿ ಆಲೂಗಡ್ಡೆ ದೋಸೆ, ಸಿಹಿ ಪ್ಯಾನ್‌ಕೇಕ್ ಸಿಗುತ್ತವೆ. ಭಾನುವಾರ ಹೆಚ್ಚಿನ ಸೂಪರ್‌ಮಾರ್ಕೆಟ್‌ಗಳು ಕಾನೂನಿನ ಪ್ರಕಾರ ಮುಚ್ಚಿರುತ್ತವೆ. ಹಾಲು, ಬ್ರೆಡ್, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಿ. ತುರ್ತಿಗೆ ಜಾಪ್ಕಾ ಅನ್ನುವ ಹಸಿರು ಬೋರ್ಡಿನ ಪುಟ್ಟ ಅಂಗಡಿಗಳು ತೆರೆದಿರುತ್ತವೆ.

ಇನ್ನೂ ಎರಡು ದಿನ ಇದ್ದರೆ

ವಾರ್ಸಾದಿಂದ ಉತ್ತರಕ್ಕೆ ಗ್ದಾನ್ಸ್ಕ್‌ಗೆ ರೈಲು ಹಿಡಿಯಿರಿ. 1939ರ ಸೆಪ್ಟೆಂಬರ್ 1ರಂದು ಜರ್ಮನ್ ಯುದ್ಧನೌಕೆ ಗುಂಡು ಹಾರಿಸಿ ಎರಡನೇ ಮಹಾಯುದ್ಧ ಶುರುವಾದ ವೆಸ್ಟರ್‌ಪ್ಲಾಟೆ ಅಲ್ಲಿದೆ. ಎರಡನೇ ಮಹಾಯುದ್ಧದ ದೊಡ್ಡ ಮ್ಯೂಸಿಯಂ ಕೂಡ ಅಲ್ಲೇ ಇದೆ, ಅದಕ್ಕೇ ಅರ್ಧ ದಿನ ಬೇಕು. ಟ್ರೆಬ್ಲಿಂಕಾ ಶಿಬಿರದ ಜಾಗಕ್ಕೆ ಹೋಗಬೇಕು ಅನ್ನುವವರು ವಾರ್ಸಾದಿಂದ ಕಾರು ಗೊತ್ತು ಮಾಡಿಕೊಳ್ಳಿ, ಬಸ್ ನಂಬಿ ಹೋಗುವ ಜಾಗ ಅಲ್ಲ. ಎರಡರಲ್ಲಿ ಯಾವುದಕ್ಕೆ ಹೋದರೂ ವಿಮಾನಕ್ಕೆ ಹಿಂದಿನ ರಾತ್ರಿಯೇ ವಾರ್ಸಾಗೆ ವಾಪಸ್ ಬಂದು ಮಲಗಿ.